ಊರಿಗೆ ಯಾವ ದಾರಿ?

ಶಾಲೆಯ ಪರೀಕ್ಷೆಗಳು ಮುಗಿಯುವ ಮೊದಲೇ ಮುಂಬಯಿಯ ನಮ್ಮ ಮನೆಗಳಲ್ಲಿ ಒಂದು ಚರ್ಚೆ ಏಳುತ್ತದೆ. ಈ ಸಲ ಊರಿಗೆ ಹೋಗುವುದು ಹೇಗೆ? ರೈಲೋ, ಬಸ್ಸೋ, ವಿಮಾನವೋ? ಮನೆಯಲ್ಲಿ ಕಾರು ಇದ್ದರಂತೂ ಮಕ್ಕಳ ಓಟು ಅದಕ್ಕೇ.

ಇಷ್ಟೊಂದು ಆಯ್ಕೆ ನಮ್ಮ ಹಿರಿಯರಿಗೆ ಇರಲಿಲ್ಲ. ಕೊಂಕಣ ರೈಲ್ವೆ ನಿಗಮ ಹುಟ್ಟಿದ್ದು 1990ರಲ್ಲಿ. ಆಗಿನ ರೈಲ್ವೆ ಮಂತ್ರಿ, ಮಂಗಳೂರಿನಲ್ಲಿ ಹುಟ್ಟಿ ಮುಂಬಯಿಯಲ್ಲಿ ಕಾರ್ಮಿಕರ ನಾಯಕರಾದ ಜಾರ್ಜ್ ಫರ್ನಾಂಡಿಸ್. 1998ರ ಜನವರಿ 26ರಂದು ಆ ದಾರಿ ಪೂರ್ತಿ ತೆರೆಯಿತು. ಈಗ ಮಧ್ಯಾಹ್ನ ಕುರ್ಲಾದಲ್ಲಿ ಮತ್ಸ್ಯಗಂಧ ಹತ್ತಿದವರು ಮರುದಿನ ಬೆಳಗ್ಗೆ ಉಡುಪಿಯಲ್ಲಿ ಇಳಿಯುತ್ತಾರೆ.

ಕಾರಿನವರಿಗೆ ಮುಖ್ಯವಾಗಿ ಎರಡು ದಾರಿ. ಒಂದು, ಪನವೇಲಿನಿಂದ ಮಹಾಡ, ಚಿಪಳೂಣ, ಗೋವೆ, ಕಾರವಾರ ಹಿಡಿದು ಸಾಗುವ 66ನೆಯ ರಾಷ್ಟ್ರೀಯ ಹೆದ್ದಾರಿ. ಇನ್ನೊಂದು, ಪುಣೆ, ಕೊಲ್ಹಾಪುರ, ಬೆಳಗಾವಿಯ ಮೇಲೆ ಹುಬ್ಬಳ್ಳಿಗೆ ಬಂದು, ಯಲ್ಲಾಪುರ ದಾಟಿ, ಅರಬೈಲು ಘಟ್ಟ ಇಳಿದು ಅಂಕೋಲೆ ಸೇರುವುದು. ಮೊದಲನೆಯದು ಕಣ್ಣಿಗೆ ತಂಪು, ಆದರೆ ತಿರುವು ಹೆಚ್ಚು. ಎರಡನೆಯದರಲ್ಲಿ ಬಹುದೂರ ರಸ್ತೆ ಅಗಲವಾಗಿದೆ. ಯಾವುದನ್ನು ಹಿಡಿದರೂ ಉಡುಪಿಗೆ ಸುಮಾರು 900 ಕಿಲೋಮೀಟರು.

ಲೀಟರಿಗೆ 15 ಕಿಲೋಮೀಟರು ಓಡುವ ಕಾರಾದರೆ ಹೋಗಲು 60 ಲೀಟರು, ಬರಲು ಅಷ್ಟೇ; ಟೋಲು ಬೇರೆ. ಇದನ್ನು ಐದು ಮಂದಿಯ ಟಿಕೆಟಿನೊಂದಿಗೆ ಹೋಲಿಸುವುದು ಸುಲಭ. ಆದರೆ ಆ ಕಾಗದದಲ್ಲಿ ಒಂದು ಬಾಬು ಬಿಟ್ಟುಹೋಗುತ್ತದೆ: ಕಾರು ನಡೆಸುವವನ ನಿದ್ರೆ.

ಶುಕ್ರವಾರ ಸಂಜೆಯ ತನಕ ಆಫೀಸಿನಲ್ಲಿ ದುಡಿದು, ಒಂದು ರಜೆ ಉಳಿಸಲೆಂದು ಅದೇ ರಾತ್ರಿ ಹೊರಡುವವರು ನಮ್ಮಲ್ಲಿ ಎಷ್ಟು ಮಂದಿಯಿಲ್ಲ! ಹಿಂದೆ ಅತ್ತೆ, ಹೆಂಡತಿ, ಮಕ್ಕಳು ನಿದ್ರಿಸುತ್ತಿರುವಾಗ ಎಚ್ಚರವಿರಬೇಕಾದವನು ಒಬ್ಬನೇ. ಘಟ್ಟದ ತಿರುವಿನಲ್ಲಿ, ಬೆಳಗಿನ ಜಾವ ನಾಲ್ಕಕ್ಕೆ, ಅವನ ರೆಪ್ಪೆ ಒಂದು ಗಳಿಗೆ ಮುಚ್ಚಿದರೆ ಉಳಿಸಿದ ರಜೆಯಿಂದ ಫಲವೇನು?

ಆದ್ದರಿಂದ ಕಾರಿನಲ್ಲೇ ಹೋಗುವವರು ರಾತ್ರಿ ಚೆನ್ನಾಗಿ ಮಲಗಿ, ನಸುಕಿನಲ್ಲಿ ಹೊರಡಲಿ. ಬೆಳಗಾವಿ ಸುಮಾರು ಅರ್ಧ ದಾರಿ. ಅಲ್ಲಿ ಒಂದು ರಾತ್ರಿ ತಂಗಲಿ. ನಡೆಸಬಲ್ಲವರು ಇಬ್ಬರಿದ್ದರೆ ಎರಡು ಗಂಟೆಗೊಮ್ಮೆ ಬದಲಾಗಲಿ. ಒಬ್ಬನೇ ಇದ್ದು, ತಂಗಲು ದಿನವೂ ಇಲ್ಲವೆಂದಾದರೆ ರೈಲೇ ಸರಿ. ಟಿಕೆಟು 60 ದಿನ ಮೊದಲೇ ತೆರೆಯುತ್ತದೆ. ಮೇ ತಿಂಗಳಿಗೆ ಮಾರ್ಚಿನಲ್ಲೇ ಕಾದಿರಬೇಕು.

ಚೌತಿಗೆ ಹೋಗುವವರು ಮಳೆಯನ್ನೂ ಲೆಕ್ಕಕ್ಕೆ ಹಿಡಿಯಬೇಕು. 2016ರ ಆಗಸ್ಟ್ 2ರ ರಾತ್ರಿ ಮಹಾಡದ ಬಳಿ ಸಾವಿತ್ರಿ ನದಿಯ ಹಳೆಯ ಸೇತುವೆ ಕೊಚ್ಚಿಹೋಗಿ ಎರಡು ಬಸ್ಸುಗಳು ನೀರುಪಾಲಾದವು. 2024ರ ಜುಲೈ 16ರಂದು ಅಂಕೋಲೆಯ ಶಿರೂರಿನಲ್ಲಿ ಗುಡ್ಡ ಹೆದ್ದಾರಿಯ ಮೇಲೆ ಜರಿದು ಹಲವರು ಪ್ರಾಣ ಕಳೆದುಕೊಂಡರು. ಎರಡು ದಾರಿಯವರೂ ಹಾಯಬೇಕಾದ ಜಾಗವದು. ಮಳೆಗಾಲದಲ್ಲಿ ಕೊಂಕಣ ರೈಲಿಗೂ ಬೇರೆ ವೇಳಾಪಟ್ಟಿ, ನಿಧಾನದ ಓಟ. ರೈಲೇ ತಗ್ಗಿ ನಡೆಯುವಾಗ ನಮ್ಮ ಕಾರಿಗೆ ಅವಸರವೇಕೆ?

ಮನೆಮಂದಿಯೆಲ್ಲ ಒಂದೇ ವಾಹನದಲ್ಲಿ ಹೋಗಬೇಕೆಂಬ ಕಟ್ಟಳೆಯೇನೂ ಇಲ್ಲ. ಮಂಡಿನೋವಿನ ಹಿರಿಯರನ್ನು ರೈಲಿನ ಕೆಳಗಿನ ಬರ್ತಿನಲ್ಲಿ ಒಬ್ಬರ ಜೊತೆ ಕಳಿಸಿ, ಉಳಿದವರು ಕಾರಿನಲ್ಲಿ ನಿಧಾನವಾಗಿ ಹೋಗಬಹುದು. ಊರಿನಲ್ಲಿ ಕಾದಿರುವ ಅಜ್ಜಿಗೆ ಮೊಮ್ಮಕ್ಕಳು ಶನಿವಾರ ಬಂದರೂ ಸಂತೋಷ, ಭಾನುವಾರ ಬಂದರೂ ಸಂತೋಷ. ಬಂದು ಮುಟ್ಟುವುದೇ ಮುಖ್ಯ.