ಬ್ಯಾಂಡಿಟ್ ಕಾರಿನ ಟೋಪಿ

‘ಸ್ಮೋಕಿ ಅಂಡ್ ದಿ ಬ್ಯಾಂಡಿಟ್’ (1977) ನೋಡಿದ್ದೀರಾ ಗೆಳೆಯರೇ? ಬರ್ಟ್ ರೆನಾಲ್ಡ್ಸ್ ಓಡಿಸಿದ ಆ ಕಪ್ಪು ಪಾಂಟಿಯಾಕ್ ಟ್ರಾನ್ಸ್ ಆಮ್! ಎಲ್ಲರ ಕಣ್ಣು ಬಾನೆಟ್ಟಿನ ಚಿನ್ನದ ಹಕ್ಕಿ ಮೇಲೆ. ನನ್ನ ಕಣ್ಣು ಮಾತ್ರ ಟಾಪಿನ ಮೇಲೆ. ನಡುವೆ ಒಂದು ಪಟ್ಟಿ, ಅದರ ಎರಡೂ ಕಡೆ ಕಳಚಿಡುವ ಗಾಜು. ಅದೇ ಟಿ-ಟಾಪ್. ತೆಗೆಯೋದು ಸಲೀಸು, ಕೂರಿಸೋದೇ ಕಷ್ಟ. ಸುತ್ತಲಿನ ರಬ್ಬರ್ ಗಡುಸಾಗಿದ್ದರೆ, ಗಾಜು ಕೂದಲೆಳೆಯಷ್ಟು ಓರೆಯಾದರೆ, ಮಳೆನೀರು ನೇರ ಹೀರೋ ತೊಡೆಗೆ! ಹಳೇ ಟಿ-ಟಾಪುಗಳು ಸೋರೋದಕ್ಕೇ ಹೆಸರುವಾಸಿ. ಅಮೆರಿಕದಲ್ಲಿ ಇಂದಿಗೂ ಈ ಕಾರಿಗೆ ಮರುಜೀವ ಕೊಡುವವರಿದ್ದಾರೆ. ಕೆಲವರು ಬಣ್ಣಕ್ಕೆ, ಹಕ್ಕಿಗೇ ದುಡ್ಡು ಸುರೀತಾರೆ. ಅಯ್ಯಾ, ಮೊದಲು ರಬ್ಬರ್ ಬದಲಿಸಿ, ಕೊಂಡಿ ಸರಿಮಾಡಿ, ಪೈಪಿನಲ್ಲಿ ನೀರು ಬಿಟ್ಟು ನೋಡಿ. ಸೀಟು ನೆನೆಯಲಿಲ್ಲವೋ, ಆಮೇಲೆ ಹಕ್ಕಿ ಅಂಟಿಸಿ.