ಇಪ್ಪತ್ತು ವರ್ಷ ಪಾಠ ಮಾಡಿದ ಮಾಷ್ಟ್ರಿಗೂ ಪರೀಕ್ಷೆ: ಓದುವ ಮನಸ್ಸು ಬರೋದು ಹೇಗೆ?

ಬಿಜೂರು: ಸರ್ಕಾರಿ ಪ್ರಾಥಮಿಕ ಶಾಲೆಯ ಹಳೇ ಶಿಕ್ಷಕರಿಗೆ ಈಗ ಟಿಇಟಿ ಚಿಂತೆ. ಶಿಕ್ಷಕರ ಅರ್ಹತಾ ಪರೀಕ್ಷೆ ಅಂದ್ರೆ ಹೊಸದಾಗಿ ಕೆಲಸಕ್ಕೆ ಸೇರುವವರು ಬರೆಯೋದು ಅಂತ ಇಷ್ಟು ದಿನ ಎಲ್ಲರೂ ಅಂದುಕೊಂಡಿದ್ದರು. 2025ರ ಸೆಪ್ಟೆಂಬರ್ 1ರಂದು ಸುಪ್ರೀಂ ಕೋರ್ಟ್ ಕೊಟ್ಟ ತೀರ್ಪು ಆ ಲೆಕ್ಕವನ್ನು ಬದಲಿಸಿತು.

ಶಿಕ್ಷಣ ಹಕ್ಕು ಕಾಯ್ದೆ ಬರುವ ಮೊದಲೇ ನೇಮಕವಾಗಿ, ನಿವೃತ್ತಿಗೆ ಇನ್ನೂ 5 ವರ್ಷಕ್ಕಿಂತ ಹೆಚ್ಚು ಸೇವೆ ಇರುವವರು 2 ವರ್ಷದೊಳಗೆ ಟಿಇಟಿ ಪಾಸಾಗಬೇಕು, ಇಲ್ಲದಿದ್ದರೆ ಕೆಲಸ ಬಿಡಬೇಕು ಎನ್ನುತ್ತದೆ ತೀರ್ಪು. 5 ವರ್ಷಕ್ಕಿಂತ ಕಡಿಮೆ ಸೇವೆ ಉಳಿದವರು ಮುಂದುವರಿಯಬಹುದು, ಆದರೆ ಟಿಇಟಿ ಇಲ್ಲದೆ ಬಡ್ತಿ ಇಲ್ಲ. ಉದಾಹರಣೆಗೆ 2005ರಲ್ಲಿ 25ನೇ ವಯಸ್ಸಿಗೆ ಕೆಲಸಕ್ಕೆ ಸೇರಿದವರಿಗೆ ತೀರ್ಪು ಬರುವಾಗ 45. ನಿವೃತ್ತಿಗೆ ಇನ್ನೂ 15 ವರ್ಷ ಇದೆ. ಅವರು ಬರೆಯಲೇಬೇಕು. 150 ಅಂಕದ ಪರೀಕ್ಷೆ, ಸಾಮಾನ್ಯ ವರ್ಗಕ್ಕೆ ಶೇ. 60 ಬೇಕು.

ಮಾಷ್ಟ್ರಿಗೆ ಓದೋಕೆ ಎಂತ ಕಷ್ಟ ಅಂತ ಕೇಳಬಹುದು. ಮಕ್ಕಳ ಕಡೆಯಿಂದ ನೋಡಿದರೆ ಆ ಪ್ರಶ್ನೆ ತಪ್ಪಲ್ಲ. ಪಾಠ ಮಾಡುವವರು ಹೊಸತನ್ನು ಕಲಿಯುತ್ತಲೇ ಇರಬೇಕು. 2020ರ ರಾಷ್ಟ್ರೀಯ ಶಿಕ್ಷಣ ನೀತಿಯೂ ವರ್ಷಕ್ಕೆ ಕನಿಷ್ಠ 50 ಗಂಟೆ ವೃತ್ತಿ ತರಬೇತಿ ಹೇಳುತ್ತದೆ.

ಆದರೆ ಓದಿದವರಿಗೆ ಸಿಕ್ಕಿದ್ದೇನು? ನಮ್ಮ ರಾಜ್ಯದಲ್ಲಿ ಕೆಲಸದಲ್ಲಿದ್ದುಕೊಂಡೇ ಬಿಎ, ಬಿಎಡ್, ಎಂಎ ಮುಗಿಸಿದ ಪ್ರಾಥಮಿಕ ಶಿಕ್ಷಕರು ಬೇಕಷ್ಟಿದ್ದಾರೆ. 2017ರ ವೃಂದ ಮತ್ತು ನೇಮಕಾತಿ ನಿಯಮದಲ್ಲಿ 6ರಿಂದ 8ನೇ ತರಗತಿಗೆ ಪದವೀಧರ ಶಿಕ್ಷಕರ ಪ್ರತ್ಯೇಕ ವೃಂದ ಬಂತು. 1ರಿಂದ 7ನೇ ತರಗತಿಗೆ ಅಂತ ನೇಮಕವಾದ ಹಳಬರನ್ನು, ಪದವಿ ಇದ್ದರೂ, 1ರಿಂದ 5ಕ್ಕೆ ಇಳಿಸಲಾಗಿದೆ ಅನ್ನುವುದು ಶಿಕ್ಷಕರ ಸಂಘದ ದೂರು. ಇದೇ ವಿಷಯಕ್ಕೆ 2024ರ ಆಗಸ್ಟ್ 12ರಂದು ಬೆಂಗಳೂರಿನ ಫ್ರೀಡಂ ಪಾರ್ಕಿನಲ್ಲಿ ದೊಡ್ಡ ಪ್ರತಿಭಟನೆಯೂ ನಡೆಯಿತು. ರಜೆಯಲ್ಲಿ ಕೂತು ಓದಿ, ಕೈಯಿಂದ ಫೀಸು ಕಟ್ಟಿ ಪಡೆದ ಪದವಿ ಬಡ್ತಿಗೆ ಬರುವುದಿಲ್ಲ ಅಂದ ಮೇಲೆ ಮತ್ತೊಬ್ಬರಿಗೆ ಓದುವ ಹುಮ್ಮಸ್ಸು ಬರೋದು ಕಷ್ಟ.

ಸಮಯದ ಸಮಸ್ಯೆ ಬೇರೆ. ತೀರ್ಪು ಬಂದ ಅದೇ ಸೆಪ್ಟೆಂಬರ್ 22ರಿಂದ ಶಿಕ್ಷಕರು ಜಾತಿ ಸಮೀಕ್ಷೆಗೆ ಮನೆ ಮನೆ ಸುತ್ತಿದರು. ಅದು ಮುಗಿಯಲಿಲ್ಲ ಅಂತ ದಸರಾ ರಜೆಯನ್ನೇ ಅಕ್ಟೋಬರ್ 18ರ ತನಕ ವಿಸ್ತರಿಸಲಾಯಿತು. ಬಿಸಿಯೂಟದ ಲೆಕ್ಕ, ಮೊಟ್ಟೆ ಹಂಚಿಕೆ, ಚುನಾವಣೆ ಕೆಲಸ ಇದ್ದದ್ದೇ. ಕೆಲಸದಲ್ಲಿ ತೃಪ್ತಿ ಸಂಬಳದಿಂದ ಮಾತ್ರ ಬರುವುದಿಲ್ಲ. ತರಗತಿಯಲ್ಲಿ ನೆಮ್ಮದಿಯಾಗಿ ಪಾಠ ಮಾಡಲು ಸಮಯ ಸಿಗಬೇಕು, ಕಲಿತದ್ದಕ್ಕೆ ಮನ್ನಣೆ ಸಿಗಬೇಕು.

ಇದು ಮಾಷ್ಟ್ರ ತಲೆನೋವು, ನಮಗೆಂತಕ್ಕೆ ಅನ್ನುವ ಹಾಗಿಲ್ಲ. ಇಬ್ಬರೋ ಮೂವರೋ ಶಿಕ್ಷಕರಿರುವ ಶಾಲೆಯಲ್ಲಿ ಒಬ್ಬರು ಹೋದರೂ ತರಗತಿ ಖಾಲಿ. ಆಗ ಪೋಷಕರು ಖಾಸಗಿ ಶಾಲೆಯ ವ್ಯಾನ್ ಹತ್ತಿಸುತ್ತಾರೆ, ಕೊನೆಗೆ ಊರ ಶಾಲೆಯೇ ಮುಚ್ಚುವ ಪಟ್ಟಿಗೆ ಬರುತ್ತದೆ.

ಸರ್ಕಾರ ಮಾಡಬಹುದಾದ ಕೆಲಸ ಇದೆ: ಕ್ಲಸ್ಟರ್ ಮಟ್ಟದಲ್ಲೇ ಟಿಇಟಿ ತರಬೇತಿ, ಪರೀಕ್ಷೆ ಮುಗಿಯುವ ತನಕ ಸಮೀಕ್ಷೆಯಂಥ ಕೆಲಸದಿಂದ ಬಿಡುವು, ಪದವಿಗೆ ತಕ್ಕ ಬಡ್ತಿ. ಊರಿನವರೂ ಮುಂದಿನ ಎಸ್‌ಡಿಎಂಸಿ ಸಭೆಯಲ್ಲಿ ಒಂದು ಮಾತು ಕೇಳಬಹುದು: ನಮ್ಮ ಶಾಲೆಯಲ್ಲಿ ಎಷ್ಟು ಜನ ಟಿಇಟಿ ಬರೆಯಬೇಕು, ಅವರಿಗೆ ಓದಲು ಸಮಯ ಇದೆಯಾ?