ಗುಲಾಮಗಿರಿಯ ನೆನಪನ್ನು ಮರೆಮಾಚುವುದು ಸಲ್ಲದು

ವರ್ಜೀನಿಯಾದ ಮಾಂಟಿಚೆಲ್ಲೊದಲ್ಲಿ, ಅಮೆರಿಕದ ಅಧ್ಯಕ್ಷರಾಗಿದ್ದ ಥಾಮಸ್ ಜೆಫರ್ಸನ್ ಅವರ ಮನೆಯ ಊಟದ ಕೋಣೆಗೆ ಒಂದು ತಿರುಗುವ ಬಾಗಿಲಿದೆ. ಅದರ ಒಂದು ಮಗ್ಗುಲಿಗೆ ಹಲಗೆಗಳನ್ನು ಜೋಡಿಸಲಾಗಿದೆ. ಹೊರಗಿನವರು ಹಲಗೆಗಳ ಮೇಲೆ ಭಕ್ಷ್ಯಗಳನ್ನಿಟ್ಟು ಬಾಗಿಲನ್ನು ತಿರುಗಿಸಿದರೆ ಊಟ ಒಳಗೆ ಬರುತ್ತಿತ್ತು, ತಂದವರು ಹೊರಗೇ ಉಳಿಯುತ್ತಿದ್ದರು. ನೆಲಮಾಳಿಗೆಯ ದ್ರಾಕ್ಷಾರಸವೂ ಅಗ್ಗಿಷ್ಟಿಕೆಯ ಪಕ್ಕದಲ್ಲಿ ಅಡಗಿಸಿದ ಪುಟ್ಟ ಏರುಪೆಟ್ಟಿಗೆಯಲ್ಲಿ ಮೇಲಕ್ಕೆ ಬರುತ್ತಿತ್ತು. ದುಡಿಯುವ ಕೈಗಳು ಅತಿಥಿಗಳ ಕಣ್ಣಿಗೆ ಬೀಳದಂತೆ ನೋಡಿಕೊಳ್ಳುವುದು ಆ ಮನೆಯ ವಾಸ್ತುವಿನಲ್ಲೇ ಅಡಕವಾಗಿತ್ತು.

ಮನೆಯು ವಸ್ತುಸಂಗ್ರಹಾಲಯವಾದ ಬಳಿಕವೂ ದಶಕಗಳ ಕಾಲ ಇದೇ ರೂಢಿ ಮುಂದುವರಿದದ್ದು ಅಕ್ಷಮ್ಯ. ಜೆಫರ್ಸನ್ ತಮ್ಮ ಜೀವಿತಾವಧಿಯಲ್ಲಿ 600ಕ್ಕೂ ಹೆಚ್ಚು ಮನುಷ್ಯರ ಒಡೆಯರಾಗಿದ್ದರು. ಅವರನ್ನು ಗುಲಾಮರೆಂದು ಹೇಳಲು ಹಿಂಜರಿದು ‘ಸೇವಕರು’ ಎಂಬ ಸೌಮ್ಯ ಪದದ ಮರೆಗೆ ಸರಿಸಲಾಯಿತು. ಜೆಫರ್ಸನ್ ಅವರ ಗುಲಾಮಗಿರಿಯಲ್ಲಿದ್ದು ಅವರ ಮಕ್ಕಳಿಗೆ ತಾಯಿಯಾದ ಸ್ಯಾಲಿ ಹೆಮಿಂಗ್ಸ್ ವಾಸಿಸಿದ್ದಿರಬಹುದೆಂದು ಇತಿಹಾಸಕಾರರು ಗುರುತಿಸಿರುವ ಕೋಣೆಯು 1941ರಲ್ಲಿ ಪ್ರವಾಸಿಗರ ಶೌಚಾಲಯವಾಯಿತು. ಅಲ್ಲಿ ಅವರ ಬದುಕನ್ನು ಹೇಳುವ ಪ್ರದರ್ಶನ ತೆರೆಯಲು 2018ರವರೆಗೆ ಕಾಯಬೇಕಾಯಿತು. ಆ ಬದಲಾವಣೆಯೂ ತಾನಾಗಿ ಬಂದದ್ದಲ್ಲ. 1993ರಿಂದ ಗುಲಾಮರ ವಂಶಸ್ಥರ ಮನೆಬಾಗಿಲಿಗೆ ಹೋಗಿ, ತಲೆಮಾರುಗಳಿಂದ ಬಾಯಿಂದ ಬಾಯಿಗೆ ಉಳಿದುಬಂದ ನೆನಪುಗಳನ್ನು ದಾಖಲಿಸಿದ ಸಂಶೋಧಕರ ತಾಳ್ಮೆ ಅದರ ಹಿಂದಿದೆ.

ಗಳಿಸಿದ್ದನ್ನು ಕಳೆದುಕೊಳ್ಳಲು ಹೆಚ್ಚು ಕಾಲ ಬೇಕಿಲ್ಲ. ಅದೇ ರಾಜ್ಯದ ಮಾಂಟ್‌ಪೀಲಿಯರ್‌ನಲ್ಲಿ, ಜೆಫರ್ಸನ್ ನಂತರ ಅಧ್ಯಕ್ಷರಾದ ಜೇಮ್ಸ್ ಮ್ಯಾಡಿಸನ್ ಅವರ ಮನೆಯ ಇಟ್ಟಿಗೆಗಳಲ್ಲಿ, ಅವನ್ನು ಮಾಡಿದ ಗುಲಾಮರ ಬೆರಳ ಗುರುತು ಇಂದಿಗೂ ಅಚ್ಚೊತ್ತಿದೆ. ಅವರ ವಂಶಸ್ಥರಿಗೆ ಆಡಳಿತದಲ್ಲಿ ಸಮಪಾಲು ನೀಡುವುದಾಗಿ 2021ರಲ್ಲಿ ಮಾತು ಕೊಟ್ಟ ಮಂಡಳಿ, ಮರುವರ್ಷದ ಮಾರ್ಚ್‌ನಲ್ಲಿ ಅದನ್ನು ಮುರಿಯಿತು. ಪ್ರತಿಭಟಿಸಿದ ಹಿರಿಯ ಸಿಬ್ಬಂದಿ ಕೆಲಸ ಕಳೆದುಕೊಂಡರು. ವ್ಯಾಪಕ ಖಂಡನೆಯ ಬಳಿಕವಷ್ಟೇ, ಮೇ ತಿಂಗಳಲ್ಲಿ, ವಂಶಸ್ಥರ ಸಮಿತಿ ಸೂಚಿಸಿದ 11 ಮಂದಿಗೆ ಮಂಡಳಿಯಲ್ಲಿ ಸ್ಥಾನ ದೊರೆಯಿತು.

ಈಗ ಒತ್ತಡ ಇನ್ನೂ ಎತ್ತರದಿಂದ ಬರುತ್ತಿದೆ. ಗತಕಾಲದ ಅಮೆರಿಕನ್ನರನ್ನು ಅನುಚಿತವಾಗಿ ಅವಹೇಳನ ಮಾಡುವ ವಿವರಣೆಗಳು ಕೇಂದ್ರ ಸರ್ಕಾರದ ಸ್ಮಾರಕಗಳಲ್ಲಿ ಇರಬಾರದೆಂದು 2025ರ ಮಾರ್ಚ್‌ನಲ್ಲಿ ಅಧ್ಯಕ್ಷರ ಆದೇಶ ಹೊರಟಿತು. ಖಾಸಗಿ ಪ್ರತಿಷ್ಠಾನವೊಂದರ ಒಡೆತನದಲ್ಲಿರುವ ಮಾಂಟಿಚೆಲ್ಲೊಗೆ ಅದು ನೇರವಾಗಿ ಅನ್ವಯಿಸದಿದ್ದರೂ, ಅಂತಹ ಆದೇಶ ಹುಟ್ಟಿಸುವ ಅಳುಕು ಸರ್ಕಾರಿ ತಾಣಗಳ ಬೇಲಿಯೊಳಗೇ ನಿಲ್ಲುವುದಿಲ್ಲ. ನಡೆದದ್ದನ್ನು ನಡೆದಂತೆ ಹೇಳುವುದು ಅವಹೇಳನವಲ್ಲ. ಮನೆ ನೋಡಲು ಬಂದವರಿಗೆ ಈ ಕಹಿ ಏಕೆ ಎಂಬ ತಕರಾರಿಗೂ ಮಣಿಯಬೇಕಿಲ್ಲ. ಆ ಮನೆಯ ಇಟ್ಟಿಗೆ, ಮೊಳೆ, ಊಟ ಯಾವುದೂ ಗುಲಾಮರ ದುಡಿಮೆಯಿಂದ ಹೊರತಾಗಿರಲಿಲ್ಲ. ಬೇಕಾದವರು ಮಾತ್ರ ಕೇಳಬಹುದಾದ ಪ್ರತ್ಯೇಕ ಪ್ರವಾಸಕ್ಕೆ ಆ ಕಥನವನ್ನು ಸೀಮಿತಗೊಳಿಸಿದರೆ, ಅದು ತಿರುಗುವ ಬಾಗಿಲಿನ ಹೊರಗೇ ಉಳಿದಂತೆ. ಊಟದ ಕೋಣೆಯಲ್ಲಿ, ಅಧ್ಯಯನದ ಕೋಣೆಯಲ್ಲಿ, ಪ್ರತಿ ಸಂದರ್ಶಕನ ಮುಂದೆ ಅದನ್ನು ಹೇಳಬೇಕು.

ಜೆಫರ್ಸನ್ ತೀರಿಕೊಂಡ ಮರುವರ್ಷ, 1827ರ ಜನವರಿಯಲ್ಲಿ, ಅವರ ಸಾಲ ತೀರಿಸಲು ಪೀಠೋಪಕರಣ, ಜಾನುವಾರುಗಳೊಂದಿಗೆ 130 ಮನುಷ್ಯರನ್ನೂ ಮಾಂಟಿಚೆಲ್ಲೊದಲ್ಲಿ ಹರಾಜಿಗಿಡಲಾಯಿತು. ಕಮ್ಮಾರ ಜೋಸೆಫ್ ಫಾಸೆಟ್ ಅವರಿಗೆ ಉಯಿಲಿನಲ್ಲಿ ಬಿಡುಗಡೆ ದೊರೆತಿತ್ತು. ಅಡುಗೆಮನೆಯ ಹೊಣೆ ಹೊತ್ತಿದ್ದ ಪತ್ನಿ ಈಡಿತ್ ಅವರಿಗಾಗಲಿ, ಮಕ್ಕಳಿಗಾಗಲಿ ದೊರೆತಿರಲಿಲ್ಲ. ಮಾರಾಟವಾದಾಗ ಮಗ ಪೀಟರ್‌ಗೆ 11 ವರ್ಷ. ಮುಂದೆ ಸಿನ್ಸಿನಾಟಿಯಲ್ಲಿ ಧರ್ಮಬೋಧಕರಾದ ಪೀಟರ್ ಫಾಸೆಟ್, 1900ರಲ್ಲಿ ತಮ್ಮ ಇಳಿವಯಸ್ಸಿನಲ್ಲಿ ಆ ಮನೆಯನ್ನು ನೋಡಲು ಮತ್ತೆ ಬಂದರು. ಅವರ ತಾಯಿಯ ಹೆಸರು ಹೇಳದೆ ಆ ಅಡುಗೆಮನೆಯನ್ನು ಜನರಿಗೆ ತೋರಿಸುವ ಅಧಿಕಾರ ಯಾವ ಆಡಳಿತ ಮಂಡಳಿಗೂ, ಯಾವ ಸರ್ಕಾರಕ್ಕೂ ಇಲ್ಲ.